ಗಾಲಿಯ ಮನೆ, ಕುದುರೆಯ ಊರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಸ್ಟರ್ ಕೌಂಟಿ ಆಮಿಶ್ ಪಂಗಡದವರ ಅತಿ ಹಳೆಯ ನೆಲೆ. ಜನಸಂಖ್ಯೆಯಲ್ಲೂ ಈಗ ಅದೇ ಮುಂದು. ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಆಚೀಚೆ. ಇಲ್ಲಿ ಹಾದುಹೋಗುವ 340ನೇ ನಂಬರಿನ ರಸ್ತೆಯಲ್ಲಿ ಬೇಸಿಗೆಯ ದಿನಗಳಲ್ಲಿ ಒಂದು ನೋಟ ಮತ್ತೆ ಮತ್ತೆ ಕಾಣಸಿಗುತ್ತದೆ. ಮುಂದೆ ಬೂದು ಹೊದಿಕೆಯ ಒಂಟಿ ಕುದುರೆಯ ಗಾಡಿ, ಗಾಡಿಯ ಬೆನ್ನಿಗೆ ಕಿತ್ತಳೆ ಬಣ್ಣದ ತ್ರಿಕೋನ. ಅದರ ಹಿಂದೆ ಅಡುಗೆಮನೆ, ಮಂಚ, ಶೌಚಾಲಯ ಎಲ್ಲವನ್ನೂ ಹೊತ್ತ ಹತ್ತು ಮೀಟರ್ ಉದ್ದದ ಮೋಟರ್ ಮನೆ ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ತೆವಳುತ್ತಿರುತ್ತದೆ. ಕುದುರೆಯ ಓಟ ಅಷ್ಟೇ. ಎದುರು ದಾರಿ ಖಾಲಿಯಾಗುವ ತನಕ ಹಿಂದಿನವರಿಗೆ ಬೇರೆ ಗತಿಯಿಲ್ಲ. ಹಾರ್ನ್ ಹೊಡೆಯುವಂತೆಯೂ ಇಲ್ಲ. ಕುದುರೆ ಬೆದರಿದರೆ ಗಾಡಿಯಲ್ಲಿರುವವರ ಜೀವಕ್ಕೇ ಸಂಚಕಾರ.

ಇಂಥ ಮೋಟರ್ ಮನೆಗೆ ಅಮೆರಿಕದಲ್ಲಿ ಆರ್‌ವಿ ಎಂದು ಹೆಸರು. ರಿಕ್ರಿಯೇಷನಲ್ ವೆಹಿಕಲ್ ಎಂಬ ಉದ್ದ ಹೆಸರಿನ ಮೊಟಕು ರೂಪ ಅದು. ಬಸ್ಸಿನಷ್ಟು ದೊಡ್ಡದು, ವ್ಯಾನಿನಷ್ಟು ಚಿಕ್ಕದು, ಲಾರಿಯ ತಲೆಗೆ ಕೋಣೆ ಕೂಡಿಸಿದ್ದು, ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದೊಯ್ಯುವ ಟ್ರೇಲರ್, ಹೀಗೆ ಅದರಲ್ಲಿ ಹಲವು ಜಾತಿ. ಬಹುತೇಕ ರಾಜ್ಯಗಳಲ್ಲಿ ಸಾಮಾನ್ಯ ಕಾರಿನ ಲೈಸೆನ್ಸೇ ಇದಕ್ಕೂ ಸಾಕು. ಬಾಡಿಗೆಗೂ ಸಿಗುತ್ತದೆ. ಹೊರಗಿನಿಂದ ನೋಡಿದವರಿಗೆ ಐಷಾರಾಮ ಎನಿಸಿದರೂ ಒಳಗಿನ ಸಂಸಾರ ಬಿಗಿ ಲೆಕ್ಕಾಚಾರದ್ದು. ಒಳ್ಳೆಯ ನೀರಿಗೊಂದು ತೊಟ್ಟಿ, ಸ್ನಾನ ಮತ್ತು ಪಾತ್ರೆಯ ಕೊಳೆ ನೀರಿಗೊಂದು, ಶೌಚಕ್ಕೆ ಇನ್ನೊಂದು. ಒಲೆಗೆ ಪ್ರೊಪೇನ್ ಅನಿಲ. ದೀಪಕ್ಕೆ, ನೀರೆತ್ತುವ ಪಂಪಿಗೆ 12 ವೋಲ್ಟಿನ ಬ್ಯಾಟರಿ. ಒಬ್ಬರು ಷವರಿನ ಕೆಳಗೆ ಹಾಡು ಹೇಳಿಕೊಂಡು ನಿಂತರೆ ಉಳಿದವರಿಗೆ ಮುಖ ತೊಳೆಯಲೂ ನೀರಿರುವುದಿಲ್ಲ.

ಲ್ಯಾಂಕಸ್ಟರಿಗೆ ದೊಡ್ಡ ಗಾಡಿಗಳೇನೂ ಹೊಸವಲ್ಲ. ಕೌಂಟಿಯಲ್ಲಿ ಹರಿಯುವ ಕಾನೆಸ್ಟೋಗಾ ನದಿಯ ಬಯಲಿನಲ್ಲಿ 18ನೇ ಶತಮಾನದ ಜರ್ಮನ್ ಮೂಲದ ಬಡಗಿಗಳೂ ಕಮ್ಮಾರರೂ ಸೇರಿ ಒಂದು ಭಾರಿ ಕಮಾನು ಬಂಡಿಯನ್ನು ರೂಪಿಸಿದರು. ಅದಕ್ಕೂ ಕಾನೆಸ್ಟೋಗಾ ಎಂದೇ ಹೆಸರಾಯಿತು. ದೋಣಿಯ ಹಾಗೆ ಎರಡೂ ತುದಿ ಮೇಲಕ್ಕೆದ್ದ ತಳ, ಏರು ಇಳಿಜಾರಿನಲ್ಲಿ ಸರಕು ಜಾರದಿರಲೆಂದು. ಮೇಲೆ ಬಿಳಿ ಕ್ಯಾನ್ವಾಸಿನ ಕಮಾನು. ಎಳೆಯಲು ನಾಲ್ಕರಿಂದ ಆರು ಕುದುರೆ. ರೈಲು ಬರುವ ತನಕ ಒಳನಾಡಿನ ಗೋಧಿ ಹಿಟ್ಟು ಫಿಲಡೆಲ್ಫಿಯಾ ಪೇಟೆಗೆ ಇಳಿಯುತ್ತಿದ್ದದ್ದು ಇದರಲ್ಲೇ. ಇದು ಸರಕಿನ ಬಂಡಿ. ಹೊಡೆಯುವವನು ಬಹಳ ಹೊತ್ತು ಪಕ್ಕದಲ್ಲಿ ನಡೆದೇ ಹೋಗುತ್ತಿದ್ದ. ಅವನು ಸೇದುತ್ತಿದ್ದ ಅಗ್ಗದ ಚುಟ್ಟಕ್ಕೆ ಬಂಡಿಯ ಹೆಸರಿನ ಬಾಲವೇ ಅಂಟಿಕೊಂಡು ‘ಸ್ಟೋಗಿ’ ಎಂಬ ಪದ ಇಂಗ್ಲಿಷಿಗೆ ಸೇರಿತು.

ಆಮಿಶ್ ಎಂಬ ಹೆಸರು ಕನ್ನಡದ ಕಿವಿಗೆ ‘ಆಮಿಷ’ ಎಂದು ಬೀಳುತ್ತದೆ. ಆಮಿಷಗಳನ್ನು ದೂರವಿಟ್ಟೇ ಬಾಳಬೇಕೆಂದು ಹೊರಟವರಿಗೆ ಇಂಥ ಹೆಸರು ಒದಗಿದ್ದು ತಮಾಷೆಯೇ. ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನಿಂದ ಬಂದದ್ದು ಆ ಹೆಸರು. ಕಥೆಯ ಬುಡ ಇನ್ನೂ ಹಿಂದಿನದು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವು ಯುವಕರು, ಏನೂ ಅರಿಯದ ಕೂಸಿಗೆ ಕೊಡುವ ದೀಕ್ಷಾಸ್ನಾನ ಸಲ್ಲದು, ಬುದ್ಧಿ ಬಂದ ಮೇಲೆ ಸ್ವಂತ ಒಪ್ಪಿಗೆಯಿಂದ ಪಡೆದದ್ದೇ ದೀಕ್ಷೆ ಎಂದು ಸಾರಿ ಒಬ್ಬರಿಗೊಬ್ಬರು ಮರುದೀಕ್ಷೆ ಕೊಟ್ಟುಕೊಂಡರು. ಅನಾಬ್ಯಾಪ್ಟಿಸ್ಟರು, ಅಂದರೆ ಮರುದೀಕ್ಷೆಯವರು, ಎಂಬ ಅಡ್ಡಹೆಸರು ಬಿತ್ತು. ಧರ್ಮವೂ ಅರಸೊತ್ತಿಗೆಯೂ ಒಂದಾಗಿದ್ದ ಕಾಲದಲ್ಲಿ ಇದು ರಾಜದ್ರೋಹಕ್ಕೆ ಸಮ. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿಗಾಗಿ ಹಠ ಹಿಡಿದವನಿಗೆ ನೀರಿನ ಶಿಕ್ಷೆ. ಮುಂದೆ ಮೆನೋ ಸೈಮನ್ಸ್ ಎಂಬ ಡಚ್ ಪಾದ್ರಿಯ ಹೆಸರಿನಿಂದ ಇವರಲ್ಲಿ ಅನೇಕರು ಮೆನೊನೈಟರು ಎನಿಸಿಕೊಂಡರು. 1693ರಲ್ಲಿ ಅಮ್ಮಾನ್ ಇನ್ನೂ ಬಿಗಿಯಾದ ಶಿಸ್ತು ಬೇಕೆಂದ. ಕಟ್ಟಳೆ ಮುರಿದವರನ್ನು ಪ್ರಾರ್ಥನೆಯ ಪಂಕ್ತಿಯಿಂದ ಮಾತ್ರವಲ್ಲ, ಊಟದ ಪಂಕ್ತಿಯಿಂದಲೂ ಹೊರಗಿಡಬೇಕೆಂದು ವಾದಿಸಿ ಬೇರೆಯಾದ. ಅವನ ಕಡೆಯವರೇ ಆಮಿಶರು.

ಇಂಗ್ಲೆಂಡಿನ ದೊರೆಯಿಂದ 1681ರಲ್ಲಿ ಪೆನ್ಸಿಲ್ವೇನಿಯಾದ ಸನ್ನದು ಪಡೆದಿದ್ದ ವಿಲಿಯಂ ಪೆನ್, ಯಾವ ಮತದವರಿಗೂ ಇಲ್ಲಿ ಕಾಟವಿಲ್ಲ ಎಂದಿದ್ದ. 18ನೇ ಶತಮಾನದಲ್ಲಿ ಆಮಿಶರು ಹಡಗು ಹತ್ತಿ ಇಲ್ಲಿಗೆ ಬಂದರು. ಯುರೋಪಿನಲ್ಲಿ ಉಳಿದವರು ಕ್ರಮೇಣ ಉಳಿದ ಸಮಾಜದಲ್ಲಿ ಕರಗಿಹೋದರು. ಜರ್ಮನಿಯ ಕೊನೆಯ ಸಭೆ 1937ರಲ್ಲಿ ಮೆನೊನೈಟರೊಡನೆ ಸೇರಿಕೊಂಡಿತು. ಅಮೆರಿಕದಲ್ಲಿ ಆದದ್ದು ತಿರುಗುಮುರುಗು. 1900ರ ಸುಮಾರಿಗೆ ಐದಾರು ಸಾವಿರವಿದ್ದವರು ಇಂದು ನಾಲ್ಕು ಲಕ್ಷದ ಹತ್ತಿರ ಇದ್ದಾರೆ. ಮನೆಗೆ ಆರೇಳು ಮಕ್ಕಳು. ಬೆಳೆದ ಮಕ್ಕಳಲ್ಲಿ ಹೆಚ್ಚಿನವರು ಪಂಗಡದಲ್ಲೇ ಉಳಿಯುತ್ತಾರೆ. ಲ್ಯಾಂಕಸ್ಟರ್ ನೆಲೆಯೊಂದರಲ್ಲೇ 40 ಸಾವಿರಕ್ಕೂ ಹೆಚ್ಚು ಜನ. ಮನೆಯಲ್ಲಿ ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಆಡುಮಾತು, ಪ್ರಾರ್ಥನೆಯಲ್ಲಿ ಗ್ರಂಥಸ್ಥ ಜರ್ಮನ್, ಅಂಗಡಿಯಲ್ಲಿ ಇಂಗ್ಲಿಷ್. ಹೊರಗಿನವರೆಲ್ಲ ಅವರ ಬಾಯಲ್ಲಿ ‘ಇಂಗ್ಲಿಷರು’. ಬೆಂಗಳೂರಿನಿಂದ ಹೋದವರಿಗೂ ಅದೇ ಹೆಸರು.

ಆರ್‌ವಿಯಲ್ಲಿ ಬಂದವರು ಮೊದಲು ಹುಡುಕುವುದು ಕ್ಯಾಂಪ್‌ಗ್ರೌಂಡನ್ನು. ಇಂಟರ್‌ಕೋರ್ಸ್, ಗಾರ್ಡನ್‌ವಿಲ್, ಸ್ಟ್ರಾಸ್‌ಬರ್ಗ್ ಸುತ್ತಮುತ್ತ ಇಂಥ ಬಿಡಾರದ ಬಯಲುಗಳು ಬೇಕಾದಷ್ಟಿವೆ. ಹಲವು ಕಡೆ ಬೇಲಿಯ ಆಚೆಗೇ ಆಮಿಶರ ಜೋಳದ ಹೊಲ. ಬಿಡಾರ ಹೂಡುವುದಕ್ಕೊಂದು ಕ್ರಮವಿದೆ. ಗಾಲಿಗಳ ಕೆಳಗೆ ಹಲಗೆಯ ತುಂಡಿಟ್ಟು ವಾಹನವನ್ನು ಸಮಮಟ್ಟಕ್ಕೆ ತರಬೇಕು, ಗಾಲಿಗೆ ಅಡೆ ಕೊಡಬೇಕು. ಆಮೇಲೆ ಪಕ್ಕದ ಕಂಬದ ಪ್ಲಗ್ಗಿಗೆ ಹೆಬ್ಬೆರಳಿನಷ್ಟು ದಪ್ಪದ ವಯರು. 30 ಆಂಪಿಯರಿನ ಸಂಪರ್ಕವಾದರೆ 120 ವೋಲ್ಟಿನ ಲೆಕ್ಕದಲ್ಲಿ 3,600 ವಾಟ್. ಏಸಿಯನ್ನೂ ಮೈಕ್ರೋವೇವನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವುದು ಬಹುಮಟ್ಟಿಗೆ ಖಂಡಿತ. ನಲ್ಲಿಗೆ ಕುಡಿಯುವ ನೀರಿನದೇ ಬೇರೆ ಕೊಳವೆ. ಕೊನೆಗೆ ಚರಂಡಿಯ ಕೊಳವೆ. ಹೊರಡುವ ದಿನ ಶೌಚದ ತೊಟ್ಟಿಯನ್ನು ಮೊದಲು ಖಾಲಿ ಮಾಡಿ, ಸ್ನಾನದ ನೀರನ್ನು ಅದರ ಹಿಂದೆ ಬಿಡಬೇಕು. ಕೊಳವೆ ತನ್ನಷ್ಟಕ್ಕೆ ತೊಳೆದುಹೋಗುತ್ತದೆ. ಈ ಕ್ರಮ ತಪ್ಪಿಸಿದವರು ಇನ್ನೊಮ್ಮೆ ತಪ್ಪಿಸುವುದಿಲ್ಲ.

ಸಮಮಟ್ಟದ ಮೇಲೆ ಇಷ್ಟು ಒತ್ತು ಏಕೆಂದರೆ ಅದು ಬರೀ ನಿದ್ದೆಯ ಪ್ರಶ್ನೆಯಲ್ಲ, ಫ್ರಿಜ್ಜಿನದು. ಅನೇಕ ಆರ್‌ವಿಗಳ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಕೆಳಗೆ ಗ್ಯಾಸಿನ ಸಣ್ಣ ಉರಿ. ಆ ಶಾಖಕ್ಕೆ ನೀರಿನಲ್ಲಿ ಕರಗಿದ ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುತ್ತ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಬೆಂಕಿ ಹಚ್ಚಿ ತಂಪು ಪಡೆಯುವ ಈ ಉಪಾಯವನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟೆರ್ಸ್, ಕಂಡುಹಿಡಿದರು. ದ್ರವ ತನ್ನ ಭಾರಕ್ಕೆ ತಾನೇ ಹರಿದಿಳಿಯಬೇಕಾದ್ದರಿಂದ ವಾಹನ ಓರೆಯಾಗಿ ನಿಂತರೆ ಯಂತ್ರ ಕೆಡುತ್ತದೆ. ಇದೇ ಬಗೆಯ ಫ್ರಿಜ್ಜು ಬೇಲಿಯಾಚೆಯ ಆಮಿಶ್ ಮನೆಯ ಅಡುಗೆಕೋಣೆಯಲ್ಲೂ ಇದೆ. ಅಲ್ಲಿಯೂ ಪ್ರೊಪೇನ್, ಅಲ್ಲಿಯೂ 12 ವೋಲ್ಟಿನ ಬ್ಯಾಟರಿ. ಇಡೀ ವರ್ಷ ನಗರದ ತಂತಿಗೆ ತಗುಲಿಕೊಂಡಿದ್ದವರು ರಜೆಯಲ್ಲಿ ನಾಲ್ಕು ದಿನ ಅದನ್ನು ಬಿಡಿಸಿಕೊಂಡು ಬಂದು, ಬಂದೊಡನೆ ಕಂಬ ಹುಡುಕುತ್ತಾರೆ. ನೆರೆಯ ಮನೆಯವರು ಆ ಕಂಬ ಬೇಡವೆಂದು ನೂರು ವರ್ಷ ಆಯಿತು.

ಆಮಿಶರು ಯಂತ್ರದ್ವೇಷಿಗಳು ಎಂಬ ತಿಳಿವಳಿಕೆ ಇಲ್ಲಿಗೆ ಬಂದವರಲ್ಲಿ ಸಾಮಾನ್ಯ. ಅರ್ಧ ದಿನ ಸುತ್ತಿದರೆ ಅದು ತಪ್ಪೆಂದು ತಿಳಿಯುತ್ತದೆ. ಹೊಲದಲ್ಲಿ ನಾಲ್ಕೋ ಆರೋ ಹೇಸರಗತ್ತೆಗಳು ಹುಲ್ಲಿನ ಪಿಂಡಿ ಕಟ್ಟುವ ಯಂತ್ರವನ್ನು ಎಳೆಯುತ್ತಿರುತ್ತವೆ. ಯಂತ್ರದ ಮೇಲೆ ಗುಡುಗುಡಿಸುವ ಎಂಜಿನ್ನೂ ಇರುತ್ತದೆ. ಎಳೆಯುವುದು ಪ್ರಾಣಿ, ಕಟ್ಟುವುದು ಎಂಜಿನ್. ಬಡಗಿಯ ಮನೆಯಲ್ಲಿ ಡೀಸೆಲ್ ಎಂಜಿನ್ ಗಾಳಿ ಒತ್ತಿ ತೊಟ್ಟಿಗೆ ತುಂಬುತ್ತದೆ. ಆ ಗಾಳಿಯ ಒತ್ತಡದಿಂದಲೇ ಗರಗಸ, ಬೈರಿಗೆ ಎಲ್ಲ ತಿರುಗುತ್ತವೆ. ಇದಕ್ಕೆ ‘ಆಮಿಶ್ ಕರೆಂಟು’ ಎಂದೇ ತಮಾಷೆಯ ಹೆಸರು. ಸಾರ್ವಜನಿಕ ವಿದ್ಯುತ್ತಿನ ತಂತಿ ಮನೆಗೆ ಬೇಡವೆಂದು ಲ್ಯಾಂಕಸ್ಟರಿನ ಹಿರಿಯರು ತೀರ್ಮಾನಿಸಿದ್ದು 1920ರ ಆಸುಪಾಸಿನಲ್ಲಿ. ಟೆಲಿಫೋನು ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಮನೆಯಿಂದ ಹೊರಬಿದ್ದಿತ್ತು. ಈಗ ಹೊಲದ ಅಂಚಿನಲ್ಲಿ ಮರದ ಗೂಡಿನಂಥ ಸಣ್ಣ ಕೋಣೆ, ಅದರಲ್ಲಿ ಫೋನು, ಅಕ್ಕಪಕ್ಕದ ಮೂರು ನಾಲ್ಕು ಮನೆಗಳಿಗೆ ಸೇರಿ. ಬೇಕಾದಾಗ ಹೋಗಿ ಮಾತಾಡಬಹುದು. ಊಟದ ನಡುವೆ ಅದು ಕರೆಯುವುದಿಲ್ಲ. ಒಂದು ವಸ್ತು ಬಂದರೆ ನೆರೆಹೊರೆ ಉಳಿಯುತ್ತದೋ ಚದುರುತ್ತದೋ ಎಂಬುದೇ ಅವರ ಅಳತೆಗೋಲು. ಕಾರಿನಲ್ಲಿ ಕೂರಬಹುದು, ಬಾಡಿಗೆಗೆ ಕರೆಸಬಹುದು, ಕೊಳ್ಳುವಂತಿಲ್ಲ. ಕುದುರೆ ದಿನಕ್ಕೆ ಓಡಬಲ್ಲಷ್ಟು ದೂರವೇ ನಂಟರಿಷ್ಟರ ಎಲ್ಲೆ. ಲ್ಯಾಂಕಸ್ಟರಿನಲ್ಲಿ ಸೈಕಲ್ಲಿಗೂ ಒಪ್ಪಿಗೆಯಿಲ್ಲ. ಒಂದು ಕಾಲಿಟ್ಟು ಇನ್ನೊಂದರಿಂದ ನೂಕಿಕೊಂಡು ಹೋಗುವ ಸ್ಕೂಟರಿನಲ್ಲಿ ಮಕ್ಕಳೂ ದೊಡ್ಡವರೂ ಓಡಾಡುತ್ತಾರೆ. ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ತೀರ್ಮಾನಿಸುವುದು ಸಭೆ. ಇಪ್ಪತ್ತೈದರಿಂದ ನಲವತ್ತು ಮನೆಗಳಿಗೆ ಒಂದು ಸಭೆ, ಸಭೆಗೊಂದು ಬಾಯಿಪಾಠದ ಕಟ್ಟಳೆ. ಅದನ್ನು ‘ಓರ್ಡ್‌ನುಂಗ್’ ಎನ್ನುತ್ತಾರೆ. ಆದ್ದರಿಂದಲೇ ಊರಿಂದೂರಿಗೆ ರೀತಿ ಬೇರೆ. ಲ್ಯಾಂಕಸ್ಟರಿನ ಗಾಡಿ ಬೂದು, ಒಹಾಯೋದ್ದು ಕಪ್ಪು. ಪೆನ್ಸಿಲ್ವೇನಿಯಾದ್ದೇ ಕಿಶಾಕೋಕ್ವಿಲಸ್ ಕಣಿವೆಯಲ್ಲಿ ಬಿಳಿ, ಹಳದಿ, ಕಪ್ಪು ಮೂರೂ ಉಂಟು, ಒಂದೊಂದು ಒಂದೊಂದು ಬಣಕ್ಕೆ.

ಈ ಸೀಮೆಯನ್ನು ನೋಡಲು ದೊಡ್ಡ ವಾಹನ ಅನುಕೂಲಕ್ಕಿಂತ ತೊಡಕೇ ಹೆಚ್ಚು. ಕೌಂಟಿಯಲ್ಲಿ ಮೂವತ್ತರ ಸಮೀಪ ಮುಚ್ಚು ಸೇತುವೆಗಳಿವೆ: ಹೊಳೆಯ ಮೇಲೆ ಮರದ ತೊಲೆಗಳ ಚೌಕಟ್ಟು, ಮೇಲೆ ಮಾಡು, ಎರಡೂ ಬದಿ ಹಲಗೆಯ ಗೋಡೆ. ತೊಲೆಗಳು ಮಳೆಗೆ ಕೊಳೆಯದಿರಲಿ ಎಂದು ಮಾಡು ಹಾಕಿದ್ದು. ಮೂರೂವರೆ, ನಾಲ್ಕು ಮೀಟರ್ ಎತ್ತರದ ಆರ್‌ವಿ ಅಲ್ಲಿ ತೂರುವ ಮಾತೇ ಇಲ್ಲ. ಅನುಭವಸ್ಥರು ಮನೆಯನ್ನು ಬಿಡಾರದಲ್ಲಿ ಬಿಟ್ಟು, ಹಿಂದೆ ಕಟ್ಟಿ ತಂದ ಸಣ್ಣ ಕಾರಿನಲ್ಲೋ ಸೈಕಲ್ಲಿನಲ್ಲೋ ಹೊರಡುತ್ತಾರೆ. ರಸ್ತೆಯ ಅಂಚಿನಲ್ಲಿ ಲಾಳದ ಉಕ್ಕು ತೀಡಿ ತೀಡಿ ಡಾಂಬರಿನಲ್ಲಿ ಬಿದ್ದ ತೆಳು ಕಾಲುವೆ ಸೈಕಲ್ಲಿನವರಿಗೆ ಕಾಣುತ್ತದೆ, ಕಾರಿನವರಿಗೆ ಕಾಣದು. ಸೋಮವಾರ ಬಟ್ಟೆ ಒಗೆಯುವ ದಿನ. ಮನೆಯ ಜಗಲಿಯಿಂದ ಕೊಟ್ಟಿಗೆಯ ಸೂರಿನ ತುದಿಗೆ ರಾಟೆಯ ಮೇಲೆ ಹಗ್ಗ. ನೇರಳೆ, ಹಸಿರು, ನೀಲಿ ಅಂಗಿಗಳು, ಸಾಲಾಗಿ ಕಪ್ಪು ಷರಾಯಿಗಳು, ದೊಡ್ಡದರಿಂದ ಸಣ್ಣದಕ್ಕೆ. ಆ ಹಗ್ಗ ನೋಡಿಯೇ ಮನೆಯಲ್ಲಿ ಎಷ್ಟು ಮಕ್ಕಳೆಂದು ಎಣಿಸಬಹುದು. ಒಂದೂ ಬಟ್ಟೆಗೆ ಚಿತ್ರವಿಲ್ಲ, ಪಟ್ಟೆಯಿಲ್ಲ.

ಊರಿನ ಹೆಸರುಗಳು ಪ್ರವಾಸಿಗರಿಗೆ ಬೇರೆಯೇ ಮೋಜು. ಪ್ಯಾರಡೈಸ್ ಎಂದೊಂದು ಊರು. ಬರ್ಡ್-ಇನ್-ಹ್ಯಾಂಡ್, ಅಂದರೆ ಕೈಯಲ್ಲಿರುವ ಹಕ್ಕಿ, ಎಂದೊಂದು. ಇಂಟರ್‌ಕೋರ್ಸ್ ಎಂಬ ಹೆಸರು 1814ರದು. ಆ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಒಡನಾಟ ಎಂಬ ಸಾಧು ಅರ್ಥವೇ ಮುಂದಿತ್ತು. ಈಗ ಆ ಫಲಕದ ಮುಂದೆ ನಕ್ಕು ಫೋಟೊ ತೆಗೆಸಿಕೊಳ್ಳುವವರ ಸಾಲು. ಫಲಕದ ಫೋಟೊಗೆ ಯಾರ ತಕರಾರೂ ಇಲ್ಲ. ಆದರೆ ಆಮಿಶರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಅವರಿಗೆ ಸರಿಬರದು. ವಿಗ್ರಹ ಕೆತ್ತಬಾರದೆಂಬ ಬೈಬಲ್ಲಿನ ಆಜ್ಞೆಯನ್ನು ಅವರು ಛಾಯಾಚಿತ್ರಕ್ಕೂ ಅನ್ವಯಿಸುತ್ತಾರೆ. ತನ್ನನ್ನು ಮುಂದೊಡ್ಡಿಕೊಳ್ಳುವುದು ಅಹಂಕಾರ ಎಂಬ ಭಾವನೆಯೂ ಅದರಲ್ಲಿದೆ. ಬ್ರಾಡ್‌ವೇಯಲ್ಲಿ ಆಮಿಶರ ಮೇಲೊಂದು ಸಂಗೀತ ನಾಟಕ ಬಂದ 1955ರ ಹೊತ್ತಿಗೆ ಶುರುವಾದ ಪ್ರವಾಸದ ಹುಚ್ಚು, ಹ್ಯಾರಿಸನ್ ಫೋರ್ಡ್ ನಟಿಸಿ ಇಲ್ಲಿಯೇ ಚಿತ್ರೀಕರಿಸಿದ ‘ವಿಟ್‌ನೆಸ್’ 1985ರಲ್ಲಿ ತೆರೆ ಕಂಡ ಮೇಲೆ ಇನ್ನಷ್ಟು ಏರಿತು. ಆ ಚಿತ್ರದ ಕೊಟ್ಟಿಗೆ ಎತ್ತುವ ದೃಶ್ಯ ಹೆಸರುವಾಸಿ. ನಿಜದಲ್ಲೂ ಒಬ್ಬರ ಕೊಟ್ಟಿಗೆ ಸುಟ್ಟರೆ ನೂರಾರು ಗಂಡಸರು ನೆರೆದು ಅದರ ಚೌಕಟ್ಟನ್ನು ಒಂದೇ ದಿನದಲ್ಲಿ ನಿಲ್ಲಿಸುತ್ತಾರೆ. ಕನ್ನಡ ನಾಡಿನ ರೈತರಿಗೆ ಇದನ್ನು ವಿವರಿಸಬೇಕಿಲ್ಲ; ಮುಯ್ಯಾಳು ಎಂದರೆ ಸಾಕು. ಇವರಲ್ಲಿ ಹೊರಗಿನ ವಿಮೆ ಕೊಳ್ಳುವ ವಾಡಿಕೆ ಇಲ್ಲದ್ದರಿಂದ ಮುಯ್ಯೇ ವಿಮೆ.

ವಾರದ ದಿನಗಳನ್ನು ನೋಡಿಕೊಂಡು ಪ್ರವಾಸ ಹೂಡಬೇಕು. ಲ್ಯಾಂಕಸ್ಟರ್ ನಗರದ ಸೆಂಟ್ರಲ್ ಮಾರ್ಕೆಟ್ 1889ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿದೆ. ಮಂಗಳವಾರ, ಶುಕ್ರವಾರ, ಶನಿವಾರ ತೆರೆದಿರುತ್ತದೆ. ಎಫ್ರಾಟಾದ ಸಂತೆ ಶುಕ್ರವಾರ. ತರಕಾರಿ, ಚೀಸು, ಅಡುಗೆಸೋಡಾ ನೀರಲ್ಲಿ ಅದ್ದಿ ಬೇಯಿಸಿದ ಗಂಟು ಹಾಕಿದ ಪ್ರೆಟ್ಜೆಲ್, ಹತ್ತಾರು ತರಕಾರಿ ಬೆರೆಸಿ ಹುಳಿಸಿಹಿಯಾಗಿ ಹಾಕಿದ ಚೌಚೌ ಎಂಬ ಉಪ್ಪಿನಕಾಯಿ. ಶೂಫ್ಲೈ ಪೈ ಎಂಬುದು ಕಾಕಂಬಿ ಸುರಿದು ಮೇಲೆ ಹಿಟ್ಟು ಸಕ್ಕರೆ ಉದುರಿಸಿ ಬೇಯಿಸಿದ ಸಿಹಿ. ನೊಣ ಓಡಿಸುತ್ತ ತಿನ್ನಬೇಕಾದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಬೆಲ್ಲದ ಅಂಗಡಿ ಕಂಡವರು ನಂಬಿಯಾರು. ಹೆಂಗಸರು ಹೊಲಿದ ಕೌದಿಗಳಿಗೆ ಇಲ್ಲಿ ಭಾರಿ ಬೆಲೆ. ಭಾನುವಾರ ಮಾತ್ರ ಆಮಿಶರ ಒಂದು ಅಂಗಡಿಯೂ ತೆರೆಯುವುದಿಲ್ಲ. ಅವರಿಗೆ ಇಗರ್ಜಿಯ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಮನೆಯಿಂದ ಮನೆಗೆ ಬೆಂಚುಗಳನ್ನು ಸಾಗಿಸುವುದಕ್ಕೇ ಒಂದು ಗಾಡಿ ಇರುತ್ತದೆ. 16ನೇ ಶತಮಾನದ ‘ಔಸ್‌ಬುಂಡ್’ ಎಂಬ ಕೀರ್ತನೆಗಳ ಪುಸ್ತಕದಲ್ಲಿ ಸ್ವರಲಿಪಿ ಇಲ್ಲ, ರಾಗವೆಲ್ಲ ಬಾಯಿಂದ ಬಾಯಿಗೆ. ಒಂದೇ ಕೀರ್ತನೆಯನ್ನು ಎಳೆದೆಳೆದು ಇಪ್ಪತ್ತು ನಿಮಿಷ ಹಾಡುವುದುಂಟು. ಭಾನುವಾರ ಬೆಳಿಗ್ಗೆ ಬಿಡಾರದಲ್ಲಿ ಚಹಾ ಹಿಡಿದು ಕೂತವರಿಗೆ ಕಾಣುವುದು ಒಂದರ ಹಿಂದೊಂದು ಸಾಗುವ ಬೂದು ಗಾಡಿಗಳು, ಕೇಳುವುದು ಲಾಳದ ಸದ್ದು.

ಆರ್‌ವಿಯವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ‘ಮಡ್ ಸೇಲ್’ ಎಂಬ ಕೆಸರು ಹರಾಜನ್ನು. ಹಿಮ ಕರಗಿ ಹೊಲವೆಲ್ಲ ಕೆಸರಾಗುವ ಫೆಬ್ರವರಿ ಕೊನೆ, ಮಾರ್ಚ್ ತಿಂಗಳಲ್ಲಿ ಊರೂರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಖರ್ಚಿಗಾಗಿ ನಡೆಯುವ ಹರಾಜು ಇದು. ಗಾರ್ಡನ್‌ವಿಲ್‌ನದು ದೊಡ್ಡದು. ಕೌದಿ, ಹಳೆಯ ಗಾಡಿ, ಕುದುರೆ, ನೇಗಿಲು, ಕೋಳಿ ಎಲ್ಲ ಒಂದೇ ಬಯಲಿನಲ್ಲಿ ಬಿಕರಿ. ದಳದಲ್ಲಿ ಆಮಿಶ್ ಯುವಕರೂ ಬೆಂಕಿ ಆರಿಸುತ್ತಾರೆ. ವಾಹನ ಓಡಿಸುವುದು ಮಾತ್ರ ಇಂಗ್ಲಿಷರು. ಆ ಚಳಿಯಲ್ಲಿ ಬಹಳಷ್ಟು ಕ್ಯಾಂಪ್‌ಗ್ರೌಂಡುಗಳು ನೀರಿನ ಕೊಳವೆ ಒಡೆದೀತೆಂದು ಬಾಗಿಲು ಹಾಕಿರುತ್ತವೆ. ನವೆಂಬರ್ ಮದುವೆಯ ತಿಂಗಳು, ಮಂಗಳವಾರ ಮತ್ತು ಗುರುವಾರ. ಮದುವೆಯೂಟಕ್ಕೆ ಸೆಲರಿ ಸೊಪ್ಪಿನ ದಂಟು ಬೇಕೇ ಬೇಕು. ಹೆಣ್ಣುಮಗಳಿರುವ ಮನೆಯ ಹಿತ್ತಲಲ್ಲಿ ಬೇಸಿಗೆಯಲ್ಲೇ ಸೆಲರಿ ಸಾಲು ಉದ್ದವಾದರೆ ಊರಿಗೆಲ್ಲ ಗುಟ್ಟು ರಟ್ಟು.

ದಾರಿಯಲ್ಲಿ ಸಿಗುವ ಒಂದೇ ಕೋಣೆಯ ಬಿಳಿ ಶಾಲೆಗಳಲ್ಲಿ ಕಲಿಕೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಅದಕ್ಕೆ ಅವರಿಗೆ ಹಕ್ಕಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ವಿಸ್ಕಾನ್ಸಿನ್ ವಿರುದ್ಧ ಯೋಡರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಇಂಥದೇ ಒಂದು ಶಾಲೆಗೆ, ನಿಕಲ್ ಮೈನ್ಸ್ ಎಂಬಲ್ಲಿ, 2006ರ ಅಕ್ಟೋಬರ್ 2ರಂದು ಹೊರಗಿನವನೊಬ್ಬ ಬಂದೂಕು ಹಿಡಿದು ನುಗ್ಗಿ ಹತ್ತು ಹುಡುಗಿಯರ ಮೇಲೆ ಗುಂಡು ಹಾರಿಸಿ ತಾನೂ ಸತ್ತ. ಐದು ಮಕ್ಕಳು ತೀರಿಕೊಂಡರು. ಅಂದು ಸಂಜೆಯೇ ಆಮಿಶ್ ಹಿರಿಯರು ಹೋಗಿ ಕೊಂದವನ ಹೆಂಡತಿ ಮಕ್ಕಳಿಗೆ ಸಮಾಧಾನ ಹೇಳಿದರು. ಅವನ ಮಣ್ಣಿಗೂ ಹತ್ತಾರು ಮಂದಿ ಹೋದರು. ಹತ್ತು ದಿನದಲ್ಲಿ ಶಾಲೆಯನ್ನು ಕೆಡವಿ ಆ ಜಾಗವನ್ನು ಹುಲ್ಲುಗಾವಲು ಮಾಡಿದರು. ಅಲ್ಲಿ ನೋಡಲು ಈಗ ಏನೂ ಇಲ್ಲ. ಹುಡುಕಿಕೊಂಡು ಹೋಗದಿರುವುದೇ ಲೇಸು.

ಆರ್‌ವಿಗೂ ಆಮಿಶರಿಗೂ ಇರುವ ಗಟ್ಟಿ ನಂಟು ಲ್ಯಾಂಕಸ್ಟರಿನಲ್ಲಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 900 ಕಿಲೋಮೀಟರ್ ದೂರದ ಇಂಡಿಯಾನಾದಲ್ಲಿದೆ. ಆ ರಾಜ್ಯದ ಉತ್ತರದ ಎಲ್ಕ್‌ಹಾರ್ಟ್ ಮತ್ತು ಲಗ್ರೇಂಜ್ ಕೌಂಟಿಗಳು ಸೇರಿ ಆಮಿಶರ ಮೂರನೆಯ ದೊಡ್ಡ ನೆಲೆ. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ಐದರಲ್ಲಿ ನಾಲ್ಕರಷ್ಟು ಹೊರಬರುವುದೂ ಎಲ್ಕ್‌ಹಾರ್ಟಿನ ಸುತ್ತಲ ಕಾರ್ಖಾನೆಗಳಿಂದಲೇ. ಜಮೀನು ದುಬಾರಿಯಾಗಿ ಬೇಸಾಯ ಎಲ್ಲರಿಗೂ ಎಟುಕದಾದಾಗ ಅಲ್ಲಿನ ಆಮಿಶ್ ಗಂಡಸರಲ್ಲಿ ದೊಡ್ಡ ಪಾಲು ಈ ಕಾರ್ಖಾನೆಗಳಿಗೆ ನಡೆದರು. ಮರಗೆಲಸ ಬಲ್ಲವರು, ಕೈ ಚುರುಕು, ಸಿಕ್ಕಷ್ಟೂ ದುಡಿಯುವವರು. ಕಾರ್ಖಾನೆಯಲ್ಲಿ ಅವರು ವಿದ್ಯುತ್ತಿನ ಡ್ರಿಲ್ಲು ಹಿಡಿಯುತ್ತಾರೆ, ಟೀವಿ ಕೂರುವ ಗೂಡು ಕಟ್ಟುತ್ತಾರೆ, ಏಸಿಗೆ ತಾರಸಿಯಲ್ಲಿ ಕಂಡಿ ಕೊರೆಯುತ್ತಾರೆ. ಯಂತ್ರ ಮಾಲೀಕನದು, ತಂತಿ ಮಾಲೀಕನದು, ಕಟ್ಟಳೆಗೆ ಭಂಗವಿಲ್ಲ.

ಕೆಲಸ ಬೆಳಗಿನ ಐದಾರು ಗಂಟೆಗೇ ಶುರು. ದೂರದವರು ಇಂಗ್ಲಿಷ್ ಚಾಲಕನ ಬಾಡಿಗೆ ವ್ಯಾನಿನಲ್ಲಿ ಬರುತ್ತಾರೆ, ಹತ್ತಿರದವರು ಸೈಕಲ್ಲಿನಲ್ಲಿ. ಇಂಡಿಯಾನಾದ ಕಟ್ಟಳೆ ಸೈಕಲ್ಲಿಗೆ ಅಡ್ಡಿ ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ದಿನದ ಲೆಕ್ಕ ಮುಗಿಯುತ್ತದೆ. ಮಿರುಗುವ ಹೊಸ ಟ್ರೇಲರುಗಳು ಒಂದು ಗೇಟಿನಿಂದ ಹೆದ್ದಾರಿಗೆ ಇಳಿಯುವಾಗ, ಅವನ್ನು ಕಟ್ಟಿದವರು ಊಟದ ಡಬ್ಬಿಯನ್ನು ಕ್ಯಾರಿಯರಿಗೆ ಸಿಕ್ಕಿಸಿ ಗಾಶೆನ್, ಮಿಡಲ್‌ಬರಿ, ಶಿಪ್‌ಶವಾನಾ ಕಡೆಯ ಸೈಕಲ್ ದಾರಿ ಹಿಡಿದಿರುತ್ತಾರೆ.